ಸದಕದ ಹೊಲಕ್ಕೆ ಬಂದ ಕುರಿ ಕಾಕಾ

ಹೋದ ವಾರ ಗದಗಿನ ಗೊಬ್ಬರದಂಗಡಿಯೊಂದರಲ್ಲಿ ಹೊಸ ಮಾಲು ಕಂಡೆ. ಹೊಳೆಯುವ ಪ್ಲಾಸ್ಟಿಕ್ ಚೀಲ, ಮೇಲೊಂದು ನಗುವ ಕುರಿಯ ಚಿತ್ರ. "ಅಪ್ಪಟ ಕುರಿ ಗೊಬ್ಬರ್ರಿ, ಸಾವಯವದವ್ರೆಲ್ಲ ಇದನ್ನ ಒಯ್ಯಾಕತ್ತಾರ" ಎಂದ ಅಂಗಡಿಯವ. ನೋಡದೆ ಮಾಲು ಕೊಳ್ಳುವವನು ನಾನಲ್ಲ. ಚೀಲ ಬಿಚ್ಚಿಸಿ, ಒಂದು ಮುಷ್ಟಿ ತೆಗೆದು ಮೂಗಿಗೆ ಹಿಡಿದೆ. ಮೊದಲು ಬರೀ ಒಣ ಧೂಳು. ಅಂಗೈ ಬೆವರಿಗೆ ಅದು ತುಸು ತೇವವಾದಾಗ ಒಳಗಿನಿಂದ ಬೇರೊಂದು ವಾಸನೆ ಎದ್ದಿತು... ನೆನೆದ ಉಣ್ಣೆ, ಹಿಕ್ಕೆ, ಬೀಡಿ, ಹಳೆಯ ಕಂಬಳಿ. ದರ ಕೂಡ ಕೇಳದೆ ಅಂಗಡಿಯ ಮೆಟ್ಟಿಲಿಳಿದೆ. ನನ್ನನ್ನು ಬಲ್ಲವರು ಈ ಮಾತನ್ನು ನಂಬಲಿಕ್ಕಿಲ್ಲ.

ಕುರಿ ಕಾಕಾ ನೆನಪಾಗಿದ್ದ. ಪ್ರತಿ ಬೇಸಿಗೆ ಡಂಬಳದ ಕಡೆಗೆ ಹಿಂಡು ಹೊಡೆದುಕೊಂಡು ಬರುತ್ತಿದ್ದ ಮುದುಕ. ಯಾವೂರು ಎಂದು ಕೇಳಿದರೆ ಕೋಲೆತ್ತಿ ಪಡುವಣ ತೋರಿಸುತ್ತಿದ್ದ, ಅಷ್ಟೇ. ಹೊಲದಲ್ಲಿ ಕುರಿ ತರುಬುವುದು ನಮ್ಮ ಕಡೆಯ ಹಳೆಯ ವಾಡಿಕೆ. ರಾತ್ರಿ ಹಿಂಡು ಹೊಲದಲ್ಲೇ ಮಲಗುತ್ತದೆ; ಬೆಳಗಾಗುವುದರೊಳಗೆ ಎರೆಮಣ್ಣಿಗೆ ಗೊಬ್ಬರ ಇಳಿದಿರುತ್ತದೆ. ಕುರಿಯವರಿಗೆ ಜೋಳ ಅಳೆದು ಕೊಟ್ಟರಾಯಿತು.

ನಾನು ಗದಗಿನ ಮಾರುಕಟ್ಟೆಯಲ್ಲಿ ಚೀಲ ಹೊತ್ತು, ಆಮೇಲೆ ಚೀಲ ಮಾರಿ, ಕೊನೆಗೆ ಡಂಬಳದ ಕೆರೆಯಾಚೆ ಹೊಲ ಹಿಡಿದವನು. ಸರಕಾರಿ ಗೊಬ್ಬರ, ಅಂದರೆ ರಾಸಾಯನಿಕ ಗೊಬ್ಬರ, ಮುಟ್ಟದೆ ಸದಕ ಬೆಳೆಯಬೇಕೆಂದು ಹಟ ಹಿಡಿದಿದ್ದೆ. ಸದಕ ಅಂದರೆ ಹಳೆಯ ಕಾಲದ ಗೋಧಿ, ಪೇಟೆಯವರು ಈಗ ಖಪ್ಲಿ ಅನ್ನುತ್ತಾರೆ. ಅದರ ಕಾಳು ಸಿಪ್ಪೆ ಬಿಡುವುದಿಲ್ಲ, ಕುಟ್ಟಿದರೇ ಹೊರಬರುವುದು. ಹುಗ್ಗಿ ಮಾಡಿದರೆ ಬೆಲ್ಲಕ್ಕಿಂತ ಮೊದಲು ಗೋಧಿಯೇ ನಾಲಿಗೆಗೆ ಸಿಗುತ್ತದೆ. ಬೀಜಕ್ಕಾಗಿ ತಾಲೂಕು ತಾಲೂಕು ಅಲೆದೆ; ಕೊನೆಗೆ ಲಕ್ಷ್ಮೇಶ್ವರದ ಕಡೆಯ ಒಂದು ಮನೆಯಲ್ಲಿ ಸಿಕ್ಕಿತು. ಅವರೂ ಬಿತ್ತುವುದನ್ನು ಬಿಟ್ಟಿದ್ದರು. ಉಳಿದದ್ದನ್ನೆಲ್ಲ ನನಗೇ ಕೊಟ್ಟರು. ಇದು ಹೋದರೆ ಮತ್ತೆ ಹೋಗಿ ಕೇಳಲು ಇನ್ನೊಂದು ಮನೆ ಇರಲಿಲ್ಲ. ಹಳೆಯ ಬೀಜ ಕೈಗೆ ಬಂದರೆ ಎಲ್ಲವನ್ನೂ ಒಂದೇ ಸಲ ಬಿತ್ತಬೇಡಿ, ಒಂದು ಪಾಲು ಮನೆಯಲ್ಲಿರಲಿ. ನಾನು ಪೂರಾ ಬಿತ್ತಿದೆ, ಅದಕ್ಕೇ ಹೇಳುತ್ತಿದ್ದೇನೆ.

ಬಿತ್ತುವ ಮೊದಲಿನ ಬೇಸಿಗೆಯಲ್ಲಿ ಕಾಕಾನ ಜೊತೆ ಚೌಕಾಶಿಗೆ ಕೂತೆ.

"ಬಾವಿ ನೀರು ನಂದು, ಬದುವಿನ ಜಾಲಿಕಾಯಿ ನಂದು. ಕುರಿ ಕುಡೀಲಿ, ತಿನ್ನಲಿ. ಜೋಳ ಮಾತ್ರ ಅಷ್ಟ. ಹಿಂಡು ಎರಡರಷ್ಟು ರಾತ್ರಿ ನಿಲ್ಲಬೇಕು."

"ಏ ಸಾವ್ಕಾರ, ನೀ ನಿಮ್ಮವ್ವನ ಹೊಟ್ಟ್ಯಾಗಿಂದ ಹೊರಗ ಬರಬೇಕಾದ್ರೂ ಚೌಕಾಶಿ ಮಾಡಿರಬೇಕು ನೋಡು!"

ಆದರೂ ಒಪ್ಪಿದ. ಆ ಬಿಸಿಲಿನಲ್ಲಿ ನೀರಿರುವ ಬಾವಿ ಅವನಿಗೂ ಬೇಕಿತ್ತು. ತಾನೇ ಗೆದ್ದೆನೆಂದು ಇಬ್ಬರೂ ಒಳಗೊಳಗೇ ನಕ್ಕೆವು.

ಹಿಂಗಾರಿಗೆ ಬಿತ್ತಿದ ಸದಕ ಎದ್ದ ಪರಿ ನೋಡಬೇಕಿತ್ತು. ಕಡುಹಸಿರು, ಎದೆಯೆತ್ತರ. ದಾರಿಯಲ್ಲಿ ಹೋಗುವವರು ನಿಂತು ಬೆಳೆ ನೋಡುತ್ತಿದ್ದರು, ನಾನು ನೋಡುವವರನ್ನು ನೋಡುತ್ತಿದ್ದೆ. ತೆನೆ ಹೊರಬಿದ್ದು ಹಾಲುಗಾಳು ಕಟ್ಟುವ ಹೊತ್ತಿಗೆ ಅಕಾಲದಲ್ಲಿ ಮಳೆಗಾಳಿ ಬಂತು. ಬೆಳಿಗ್ಗೆ ಹೋಗಿ ನೋಡಿದರೆ ಇಡೀ ಹೊಲ ನೆಲಕ್ಕೆ ಮಲಗಿತ್ತು. ಹಳೆಯ ಗೋಧಿಯ ದಂಟು ಉದ್ದ, ಹೊಟ್ಟೆ ಸಣ್ಣದು; ಗೊಬ್ಬರ ಹೆಚ್ಚಾದರೆ ನಿಲ್ಲಲಾರದು. ನಾನು ಚೌಕಾಶಿ ಮಾಡಿ ಗಳಿಸಿದ ರಾತ್ರಿಗಳೆಲ್ಲ ಅದರ ಸೊಂಟ ಮುರಿದಿದ್ದವು.

ಆಮೇಲಿನ ದಿನಗಳಲ್ಲಿ ನಾನು ಕೂತಲ್ಲಿ ಕೂರಲಿಲ್ಲ. ಹೊಲದಲ್ಲಿದ್ದರೆ ಮನೆಗೆ ಹೋಗಬೇಕು, ಮನೆಯಲ್ಲಿದ್ದರೆ ಹೊಲಕ್ಕೆ. ತಟ್ಟೆಯ ಮುಂದೆ ಕೂತವನು ಅರ್ಧಕ್ಕೇ ಎದ್ದು ಗಾಡಿ ಚಾಲೂ ಮಾಡುತ್ತಿದ್ದೆ. ಬೀಜ ಹೋಯಿತೆಂದೇ ಲೆಕ್ಕ ಹಾಕಿದ್ದೆ. ಕೊಳೆಯುವ ಮಾಲನ್ನು ಮೊದಲು ಸಾಗಹಾಕು, ಇದು ಮಾರುಕಟ್ಟೆ ನನಗೆ ಕಲಿಸಿದ ಬುದ್ಧಿ. ಆ ಸಲ ಮೆಕ್ಕೆಜೋಳ ಕೊಯ್ದ ಹೊಲಗಳನ್ನು ಮೇಯಿಸುತ್ತ ಕಾಕಾನ ಹಿಂಡು ಬೇಗನೆ ಬಂದಿತ್ತು. ಹೋಗಿ ಅವನನ್ನು ಬದುವಿನ ಮೇಲೆ ತಂದು ನಿಲ್ಲಿಸಿದೆ.

"ಉಂಡದ್ದು ಹೆಚ್ಚಾಗಿ ಮಲಗೈತಲ್ಲೋ" ಎಂದ ಕಾಕಾ.

"ನಗಬ್ಯಾಡ ಕಾಕಾ. ಹಸಿ ಮೇವು ಐತಿ, ಹಿಂಡು ಬಿಡು. ದರ ನೀನ ಹೇಳು."

"ಒಲ್ಲೆ."

ನಾನೇ ಒಂದು ದರ ಹೇಳಿದೆ. ತಲೆ ಅಲ್ಲಾಡಿಸಿದ. ಇಳಿಸಿದೆ. ಮತ್ತೆ ಅಲ್ಲಾಡಿಸಿದ. ಮುದುಕ ಗಟ್ಟಿ ಕುಳ ಎಂದುಕೊಂಡು ಅರ್ಧಕ್ಕೆ ಬಂದೆ. ಕೊನೆಗೆ, "ಪುಕ್ಕಟೆ ಮೇಯ್ಸು, ಮ್ಯಾಲೆ ಜೋಳಾನೂ ಕೊಡ್ತೀನಿ" ಎಂದೆ.

ಕಾಕಾ ಬೀಡಿ ಆರಿಸಿ ಕಿವಿಗೆ ಸಿಕ್ಕಿಸಿಕೊಂಡ. "ಚೌಕಾಶಿ ನೀ ಮಾಡಾಕತ್ತೀ, ನಾ ಮಾಡವಲ್ಲೆನೋ ತಮ್ಮಾ. ತೆನಿ ರುಚಿ ಹತ್ತಿದ ಕುರಿ ನಾಳೆ ಯಾರ ಹೊಲ ಅಂತ ಕೇಳಂಗಿಲ್ಲ, ನುಗ್ಗತೈತಿ. ಹಾದಿ ತುಂಬ ಮಂದಿ ಹೊಲ ಅದಾವು. ಬಡಿಗಿ ಏಟು ತಿನ್ನೋ ಬೆನ್ನು ನಂದು."

"ಹಂಗಾದ್ರ ಈ ಮಾಲಿನ ಗತಿ?"

"ನಿನ್ನ ಮಾಲು ನಿನ್ನ ತಲಿಬ್ಯಾನಿ. ನಾ ಕುರಿ ಬಿಡಂಗಿಲ್ಲ. ನೀನೂ ಸುಮ್ಮನ ಕುಂಡ್ರು. ಬರ್ತೈತೇನು ನಿನಗ ಅದು?"

ಬರುತ್ತಿರಲಿಲ್ಲ. ಇಂದಿಗೂ ಬರುವುದಿಲ್ಲ. ಆದರೆ ಪುಕ್ಕಟೆಗೂ ಒಯ್ಯುವವರಿಲ್ಲದ ಮಾಲನ್ನು ಇಟ್ಟುಕೊಳ್ಳದೆ ಏನು ಮಾಡುವುದು? ಬಿಟ್ಟೆ. ಕೆಲವು ದಿನ ಕಳೆದ ಮೇಲೆ, ಮಲಗಿದ ದಂಟುಗಳು ಗೆಣ್ಣಿನ ಹತ್ತಿರ ಮೊಣಕಾಲೂರಿದಂತೆ ಬಾಗಿ ಒಂದೊಂದಾಗಿ ತೆನೆ ಎತ್ತತೊಡಗಿದವು. ಎಲ್ಲವೂ ಅಲ್ಲ. ತಗ್ಗಿನಲ್ಲಿದ್ದದ್ದು ಕೊಳೆತುಹೋಯಿತು. ದಿಬ್ಬದ ಕಡೆ ಉಳಿದದ್ದಕ್ಕೆ ಮಷಿನ್ ಹಾಕುವಂತಿರಲಿಲ್ಲ, ಕುಡುಗೋಲಿನಿಂದ ಬಗ್ಗಿ ಬಗ್ಗಿ ಕೊಯ್ದೆವು. ಕಾಳು ಸಣಕಲು, ಆದರೂ ಬೀಜ. ಇವತ್ತು ಶಿರಹಟ್ಟಿಯಿಂದ ಮುಂಡರಗಿಯವರೆಗೆ ಯಾರಾದರೂ ನನ್ನಿಂದ ಒಯ್ದು ಸದಕ ಬಿತ್ತಿದ್ದರೆ, ಅದು ಆ ದಿಬ್ಬದ ಕಾಳಿನದೇ ಸಂತಾನ.

ಸುಗ್ಗಿಯ ಹೊತ್ತಿಗೆ ಕಾಕಾನ ಹಿಂಡು ಮುಂಡರಗಿ ಕಡೆ ಹೊರಳಿತ್ತು. ಕುಟ್ಟಿಸಿದ ಸದಕವನ್ನು ಗಾಡಿಗೆ ಕಟ್ಟಿಕೊಂಡು ಹುಡುಕಿಕೊಂಡು ಹೋದೆ. ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ಅಗಿದು, ಚೀಲ ನನ್ನ ಕಡೆಗೇ ತಳ್ಳಿದ.

"ಹೊತ್ಕೊಂಡು ತಿರಗೋ ಮಂದಿ ನಾವು. ನಿನ್ನ ಹತ್ರನ ಇರ್ಲಿ. ಬ್ಯಾಸಗಿಗಿ ಬರ್ತೀನಿ, ಹುಗ್ಗಿ ಮಾಡಿಸಿ ಹಾಕು. ಆದ್ರ ನೋಡು, ಬೆಲ್ಲದಾಗ ಚೌಕಾಶಿ ಮಾಡಬ್ಯಾಡ."

ಆ ಬೇಸಿಗೆಗೆ ಬರಲಿಲ್ಲ. ಅದರ ಮುಂದಿನದಕ್ಕೂ... ಅವನ ಮೊಬೈಲಿಗೆ ಹಚ್ಚಿದರೆ ಯಾರೋ ಹೆಣ್ಣುಮಗಳು ಎತ್ತಿ, "ಯಾವ ಕಾಕಾರೀ? ಈ ಸಿಮ್ ನಾ ಈಗ ತಗೊಂಡೀನಿ" ಎಂದಳು. ಹೊಸ ಸುಗ್ಗಿ ಬಂದಾಗಲೆಲ್ಲ ಅವನ ಚೀಲ ಖಾಲಿ ಮಾಡಿ ಹೊಸ ಸದಕ ತುಂಬಿಸಿಟ್ಟೆ. ಗಿರಾಕಿಗೆ ತೋರಿಸದೆ ನಾನು ಇಟ್ಟ ಮಾಲು ಅದೊಂದೇ.

ಹೋದ ವಾರ ಆ ಗೊಬ್ಬರ ಮೂಸಿದ ಮೇಲೆ ಮನೆಗೆ ಹೋಗಲು ಕಾಲು ಬರಲಿಲ್ಲ. ಗಾಡಿ ನೇರ ಡಂಬಳದ ಹಾದಿ ಹಿಡಿಯಿತು. ಕೆರೆ ದಾಟಿದ ಮೇಲೆ ಒಂದು ಹಿಂಡು ಎದುರಾಯಿತು. ಹಿಂಡಿನವನು ನಡುವಯಸ್ಸಿನವ. ಪಡುವಣದ ಮುದುಕ, ಕಿವಿಯಲ್ಲಿ ಆರಿದ ಬೀಡಿ, ಮಾತಿಗೊಂದು ಕುಚೋದ್ಯ... ಹೀಗೆ ಗುರುತು ಹೇಳುತ್ತ ಹೋದೆ. ಅವನು ಕೋಲು ಕೆಳಗಿಳಿಸಿದ.

"ಹಿರ್‍ಯಾರು ಹ್ವಾದ್ರಲ್ರಿ. ಹಾದ್ಯಾಗ. ಬಾಳ ದಿನಾ ಆತು."

"ಹಾದ್ಯಾಗ ಅಂದ್ರ ಎಲ್ಲಿ?"

"ಹಾದ್ಯಾಗ್ರಿ" ಎಂದ, ಅದೇ ಊರಿನ ಹೆಸರು ಎಂಬಂತೆ.

ಆಮೇಲೆ ಅವನೇ, "ಹೊಲ ಐತೇನ್ರಿ? ಒಂದು ವಾರ ತರುಬ್ತೀನಿ" ಎಂದ. ಎರಡು ರಾತ್ರಿ ಸಾಕು ಎಂದೆ. ವಾರ ನಿಲ್ಲಲೆಂದು ಅವನು ತಾನು ಕೇಳುವ ಜೋಳ ಇಳಿಸಿದ. ನಾನು ತಲೆ ಅಲ್ಲಾಡಿಸಿದೆ. ಇನ್ನೂ ಇಳಿಸಿದ. ಅಲ್ಲಾಡಿಸಿದೆ. "ಗಟ್ಟಿ ಕುಳ ಅದೀರಿ ಬಿಡ್ರಿ ಸಾವ್ಕಾರ್ರ" ಎಂದು ನಕ್ಕ. ಚೌಕಾಶಿ ಅಲ್ಲಪ್ಪಾ ಎಂದು ಹೇಳಹೋದವನು, ಹೊಲದ ದಾರಿ ತೋರಿಸಿದೆ.

ಹಿಂಡು ಬಂದ ದಿನ ಕಾಕಾನಿಗೆಂದು ಇಟ್ಟ ಚೀಲ ಬಿಚ್ಚಿ ಹುಗ್ಗಿ ಮಾಡಿಸಿದೆ. ಬೆಲ್ಲ ಸುರಿಯುವಾಗ ಸಾಕು ಎನ್ನಲಿಲ್ಲ. ಬಂದವನು ಬಾವಿಯ ಹತ್ತಿರ ಕೂತು ಬೆರಳು ನೆಕ್ಕಿ ನೆಕ್ಕಿ ಉಂಡ. "ನೀವೂ ಕುಂಡ್ರಿ, ಉಣ್ರಿ" ಎಂದು ಎರಡೆರಡು ಸಲ ಕರೆದ. ನನಗೆ ಕೂರಲಾಗಲಿಲ್ಲ. ಬದುವಿನ ಮೇಲೆ ಅತ್ತಿಂದಿತ್ತ ತಿರುಗುತ್ತ, ಪಡುವಣದ ಹಾದಿ ನೋಡುತ್ತಿದ್ದೆ.