ಬೋಣಿಯ ಬೂಟು

ಜಸಮತಿಯ ಕಾಲು ಹಾಳಾದದ್ದು ಬೆಟ್ಟದಿಂದಲ್ಲ, ಬೋಣಿಯಿಂದ. ಇದನ್ನು ನಾನು ನಮ್ಮ ಬೆಟ್ಟದೂರು ನಾಮ್ಚೆಯ ಸಂತೆಯಲ್ಲಿ ನಿಂತು ಕೂಗಿ ಹೇಳಿದ್ದೇನೆ, ಈಗಲೂ ಹೇಳುತ್ತೇನೆ. ಬೂಟಿನಂಗಡಿಯ ಗ್ಯಾಲ್ಜೆನ್ ಕೇಳಿಸಿಕೊಂಡರೆ ಕೇಳಿಸಿಕೊಳ್ಳಲಿ.

ಅವಳು ಬುಂಗ್ ಊರಿನ, ರೈ ಕುಲದ ಹೆಣ್ಣು. ಮೀಸೆ ಮೂಡದ ಹುಡುಗರ ಜತೆ ತಾನೂ ಬಿದಿರಿನ ಡೋಕೋ ಬುಟ್ಟಿ ಬೆನ್ನಿಗೇರಿಸಿ, ಪಟ್ಟಿಯನ್ನು ಹಣೆಗೆ ಕೊಟ್ಟು, ಅಕ್ಕಿ, ಸೀಮೆಎಣ್ಣೆ, ಪ್ಲೈವುಡ್ಡು ಹೊತ್ತು ನನ್ನ ಚಹಾದಂಗಡಿಯ ಮುಂದೆಯೇ ಹತ್ತಿ ಇಳಿದವಳು. ಕಾಲಿಗೆ ಹವಾಯಿ ಚಪ್ಪಲಿ. ಚಿಕ್ಕಂದಿನಲ್ಲಿ ಅದೂ ಇಲ್ಲ. ಬರಿಗಾಲಲ್ಲಿ ಬೆಳೆದ ಪಾದ ಮೊರದಂತೆ ಅಗಲವಾಗಿ, ಬೆರಳುಗಳು ಬಿಡಿಬಿಡಿಯಾಗಿ ನಿಂತಿದ್ದವು. ಆ ಪಾದ ಜಾರಿದ್ದನ್ನು ನಾನು ಒಮ್ಮೆಯೂ ಕಂಡಿಲ್ಲ. ಹೊರೆ ಇಳಿಸಿದ ಮೇಲೆ ಪರದೇಶದವರ ಮಾತು ಕಲಿತಳು, ಪರೀಕ್ಷೆ ಪಾಸು ಮಾಡಿದಳು, ಗೈಡ್ ಬಿಲ್ಲೆಯನ್ನು ಕುತ್ತಿಗೆಗೆ ಹಾಕಿಕೊಂಡಳು. ಅವತ್ತು ನನ್ನ ಅಂಗಡಿಯಲ್ಲಿ ಕೂತವರಿಗೆಲ್ಲ ಛಾಂಗ್ ಹೆಂಡ ಕುಡಿಸಿ, ಖಾಲಿ ಡೋಕೋವನ್ನು ನನ್ನ ಹಿತ್ತಿಲಲ್ಲಿ ಎಸೆದಳು.

ಗೈಡ್ ಆದಮೇಲೆ ಬೂಟು ಬೇಕು. ಬೂಟಿಲ್ಲದವರನ್ನು ಹಿಮದ ಘಟ್ಟಕ್ಕೆ ಕಳಿಸುವುದಿಲ್ಲ ಎಂದು ಟ್ರೆಕಿಂಗ್ ಕಂಪನಿಯ ಮುಖಂಡ ಕೇಶರ ಕಡ್ಡಿ ಮುರಿದಂತೆ ಹೇಳಿದ್ದ.

ನಮ್ಮವರಿಗೆಲ್ಲ ಒಂದು ಚಟ. ಏನು ಕೊಳ್ಳಬೇಕಾದರೂ ಬೆಳಗಾಗುವ ಮೊದಲೇ ಓಡುವುದು, ಬೋಣಿ ಗಿರಾಕಿಗೆ ಅಂಗಡಿಯವ ಬೆಲೆ ಇಳಿಸುತ್ತಾನೆಂದು. ಇಳಿಸುತ್ತಾನೆ, ಸರಿ. ಆದರೆ ಬೋಣಿ ಗಿರಾಕಿ ಬರಿಗೈಯಲ್ಲಿ ಹೋದರೆ ದಿನವೆಲ್ಲ ಹಾಳಂತೆ, ಅದಕ್ಕೆ ಹೋಗಲು ಬಿಡುವುದೂ ಇಲ್ಲ. ದಿನವಿಡೀ ನಡೆದ ಕಾಲು ಸಂಜೆಗೆ ಬಾತುಕೊಳ್ಳುತ್ತದೆ, ಬೆಳಗ್ಗೆ ಹಿಡಿಸಿದ್ದು ಸಂಜೆ ಹಿಡಿಸುವುದಿಲ್ಲ. ಹೊರೆ ಹೊತ್ತವರಿಗೆಲ್ಲ ಇದು ಗೊತ್ತು. ಆದರೂ ಬೋಣಿಯ ಆಸೆ ಬಿಡದು.

ಜಸಮತಿಯೂ ಹಾಗೇ ಹೋದಳು. ಗ್ಯಾಲ್ಜೆನ್ ಆಗಷ್ಟೇ ಧೂಪ ಹಚ್ಚಿದ್ದ.

"ಪಕ್ಕದಲ್ಲಿ ಹಿಡೀತದೆ ದಾಯಿ" ಎಂದು ಅವನನ್ನು ಅಣ್ಣಾ ಎಂದೇ ಕರೆದು ಹೇಳಿದಳಂತೆ.

"ಎರಡು ನಂಬರು ದೊಡ್ಡದು ತಗೋ. ಉದ್ದ ಇದ್ರೆ ಅಗಲಾನೂ ಇರ್ತದೆ. ಲೇಸು ಬಿಗಿದು ಕಟ್ಟಿದ್ರೆ ಆಯ್ತು. ಬೋಣಿ ಹೊತ್ತಲ್ಲಿ ಇಲ್ಲ ಅನ್ನಬಾರ್ದು ಬಹಿನಿ" ಎಂದು ಅವಳ ನೋಟನ್ನು ಹಣೆಗೊತ್ತಿಕೊಂಡು ಪೆಟ್ಟಿಗೆಗೆ ಹಾಕಿದನಂತೆ.

ಮೊದಲ ತಂಡದ ಜತೆ ಘಟ್ಟ ಏರುವಾಗ ಹಿಮ್ಮಡಿ ಎದ್ದೆದ್ದು ಉಜ್ಜಿತು. ಇಳಿಯುವಾಗ ಪಾದ ಮುಂದಕ್ಕೆ ಜಾರಿ ಬೆರಳುಗಳು ಬೂಟಿನ ಮೂತಿಗೆ ಗುದ್ದಿದವು. ಅರ್ಧ ದಾರಿಯಲ್ಲಿ ಬೂಟು ಕಳಚಿ, ತಾನು ಕರೆದೊಯ್ದ ಪರದೇಶಿಗಳ ಮುಂದೆಯೇ ಚಪ್ಪಲಿಯಲ್ಲಿ ಕುಂಟುತ್ತ ಇಳಿದಳು. ನನ್ನ ಒಲೆಯ ಮುಂದೆ ಕೂರಿಸಿ, ರಕ್ತಕ್ಕೆ ಅಂಟಿದ ಕಾಲುಚೀಲಗಳನ್ನು ಬಿಸಿನೀರಲ್ಲಿ ನೆನೆಸಿ ಬಿಡಿಸಿದೆ. ಎರಡೂ ಹೆಬ್ಬೆರಳಿನ ಉಗುರು ಅವುಗಳ ಜತೆಗೇ ಬಂದವು. ನನಗೆ ಅಳು ಬರಲಿಲ್ಲ, ಮೈಯೆಲ್ಲ ಉರಿದುಹೋಯಿತು.

ಹಿಂದೆಯೇ ಕೇಶರ ಬಂದು ಬಾಗಿಲಲ್ಲಿ ನಿಂತ. "ತಿಹಾರ್ ಹಬ್ಬ ಕಳೀಲಿ, ಇನ್ನೊಂದು ತಂಡ ಘಟ್ಟ ಹತ್ತುತ್ತೆ. ಬೂಟು ಹಾಕ್ಕೊಂಡು ನಡೆಯೋಕಾದ್ರೆ ಬಾ. ಆಗದಿದ್ರೆ ಡೋಕೋ ಎಲ್ಲೂ ಓಡಿಹೋಗಿಲ್ಲ, ಅದನ್ನೇ ಹೊರು."

ಅವಳು ಗಾಯ ಒಣಗುತ್ತಿದ್ದಂತೆ ಹಿತ್ತಿಲಿನ ಡೋಕೋ ಎತ್ತಿಕೊಂಡು ಮತ್ತೆ ಚಪ್ಪಲಿಯಲ್ಲಿ ಹೊರೆಗೆ ಹೋದಳು.

ಹಬ್ಬ ಮುಗಿದು ತಂಡ ಬರುವ ಹೊತ್ತಾಯಿತು. ಒಂದು ಸಂಜೆ ಕೆಳಗಿನ ಲುಕ್ಲಾ ಊರಿನ ಕಡೆಯಿಂದ ಹೊರೆ ತಂದಿಳಿಸಿ ನನ್ನ ಬೆಂಚಿನ ಮೇಲೆ ಕುಸಿದಳು.

"ನಾಳೆ ಬೇಗ ಎದ್ದು ಬೇರೆ ಬೂಟು ನೋಡ್ತೀನಿ ದೀದಿ. ಬೋಣಿಗೆ ಹೋದ್ರೆ..."

"ನಿನ್ನ ಬೋಣಿಗಿಷ್ಟು ಬೆಂಕಿ ಹಾಕ! ಇನ್ನೂ ಬುದ್ಧಿ ಬರ್ಲಿಲ್ವಾ? ಏಳು. ಈಗ್ಲೇ, ಈ ಬಾತಿರೋ ಕಾಲಲ್ಲೇ ನಡಿ. ಹಿಮಕ್ಕೆ ಹಾಕ್ಕೊಳ್ಳೋ ದಪ್ಪ ಉಣ್ಣೆ ಕಾಲುಚೀಲಾನೇ ಹಾಕ್ಕೋ. ಆ ಹಳೇ ಬೂಟೂ ಚೀಲದಲ್ಲಿ ತಗೋ."

ಗ್ಯಾಲ್ಜೆನ್ ಬಾಗಿಲ ಹಲಗೆ ಹಾಕುತ್ತಿದ್ದ. ನಾವು ನುಗ್ಗಿದ್ದು ನೋಡಿ ಮುಖ ಹುಳ್ಳಗಾಯಿತು. ಹೆಂಗಸರ ಬೂಟಿನ ಸಾಲು ತೋರಿಸಿ, "ಇರೋದು ಇಷ್ಟೇ. ಆ ಕಾಲಿಗೆ ಬೂಟು ಸಿಗಲ್ಲ ಬಹಿನಿ. ಕಾಲೇ ಸರಿ ಇಲ್ಲ ನಿಂದು" ಎಂದ.

ಜಸಮತಿ ಯಾವತ್ತೂ ಯಾರಿಗೂ ಎದುರಾಡಿದವಳಲ್ಲ. ಅವತ್ತು ಮಾತ್ರ ಅವಳ ಕಿವಿ ಕೆಂಪಾದದ್ದು ಕಂಡೆ. ಒಂದು ಬೂಟು ಸೆಳೆದು ಒಳಗಿನ ಮೆತ್ತನೆಯ ಅಟ್ಟೆಯನ್ನು ಹೊರಗೆಳೆದಳು, ನೆಲಕ್ಕೆ ಹಾಕಿ ಅದರ ಮೇಲೆ ನಿಂತಳು. ಎರಡು ಕಡೆಯೂ ಪಾದ ಹೊರಗೆ ಚೆಲ್ಲಿತು.

"ನೋಡು ದಾಯಿ. ಇದು ನಿನ್ನ ಬೂಟು, ಇದು ನನ್ನ ಕಾಲು. ಯಾವುದನ್ನ ಕತ್ತರಿಸ್ಲಿ, ಹೇಳು!"

ಮತ್ತೊಂದು, ಮಗುದೊಂದು. ಅಂಗಡಿಯ ನೆಲವೆಲ್ಲ ಅಟ್ಟೆ.

ಅವನ್ನು ಹೆಕ್ಕಲು ಗ್ಯಾಲ್ಜೆನ್ ಬಗ್ಗಿದ. ಆಗ ನಾನು ಅವನ ಕಾಲು ನೋಡಿದೆ. ಅವನೂ ಬೆಟ್ಟದಲ್ಲಿ ಬರಿಗಾಲಲ್ಲಿ ಬೆಳೆದವನೇ. ಆಳು ಗಿಡ್ಡ, ಪಾದ ಮಾತ್ರ ಜಸಮತಿಯಷ್ಟೇ ಅಗಲ. ಅದನ್ನು ಸುತ್ತಿ, ಬೆರಳಿಗೆ ಧಾರಾಳ ಜಾಗ ಬಿಟ್ಟು, ಮೂತಿ ಅಗಲವಾದ ಬೂಟು!

"ಇದೆಲ್ಲಿಂದ ಬಂತೋ?"

"ಅದು... ಕಠ್ಮಂಡುವಿಂದ ಹೇಳಿ ತರಿಸ್ಕೊಂಡಿದ್ದು."

"ಅಗಲದ್ದು ಸಿಗುತ್ತೆ ಅಂತ ಗೊತ್ತಿತ್ತಾ ಹಂಗಾದ್ರೆ?"

"ಹೊರೆ ಹೊರೋರು ಚಪ್ಪಲೀಲಿ ನಡೀತಾರೆ ದೀದಿ. ಅಗಲದ್ದು ತಂದು ಯಾರಿಗೆ ಮಾರ್ಲಿ?"

ನನ್ನ ಪಿತ್ತ ನೆತ್ತಿಗೇರಿತು. ಬಾಯಿಗೆ ಬಂದಂತೆ ಬೈದೆ, ಏನು ಬೈದೆನೆಂದು ಇಲ್ಲಿ ಹೇಳಲಾರೆ. ಅಕ್ಕಪಕ್ಕದ ಅಂಗಡಿಯವರೂ ಬಂದು ಇಣುಕಿದರು. ಜಸಮತಿ ಮಾತ್ರ ಕೈ ಚಾಚಿ, "ಬಿಚ್ಚು" ಎಂದಳು.

ಅಷ್ಟು ಜನ ನೋಡುತ್ತಿರುವಾಗ ಅವನು ಬಿಚ್ಚದೆ ಏನು ಮಾಡಿಯಾನು? ಅದರ ಅಟ್ಟೆಯ ಮೇಲೆ ನಿಂತಳು. ಪಾದ ಒಳಗೇ ಉಳಿಯಿತು. ಬೂಟು ಹಾಕಿ ಹೊರಗಿನ ಕಲ್ಲುಮೆಟ್ಟಿಲನ್ನು ಧಡಧಡ ಇಳಿದಳು, ಹತ್ತಿದಳು, ಮತ್ತೆ ಇಳಿದಳು. ಬೆರಳು ಮುಂದಕ್ಕೆ ತಾಗಲಿಲ್ಲ, ಹಿಮ್ಮಡಿ ಏಳಲಿಲ್ಲ. ಮೇಲೆ ಬಂದವಳೇ ಹೊಸ ಬೂಟಿನ ಪೂರ್ತಿ ಬೆಲೆಯನ್ನು ಮೇಜಿನ ಮೇಲಿಟ್ಟಳು.

"ಹಾಕ್ಕೊಂಡಿದ್ದ ಬೂಟು, ಅಷ್ಟೆಲ್ಲ ಬೇಡ" ಎಂದು ಅವನು ಗೊಣಗಿದ.

"ಇದು ಬೋಣಿ ಅಲ್ಲ ದಾಯಿ, ಕಡೇ ವ್ಯಾಪಾರ. ಇಟ್ಕೋ."

ಆಮೇಲೆ ಚೀಲದಿಂದ ತನ್ನ ಹಳೆಯ ಬೂಟು ತೆಗೆದು ಅವನ ಬರಿಗಾಲ ಮುಂದೆ ಜೋಡಿಸಿಟ್ಟಳು. ಒಳಗೆ ರಕ್ತದ ಕಲೆ ಹಾಗೇ ಇತ್ತು.

"ನಾಳೆ ಬೆಳಿಗ್ಗೆ ಇದನ್ನ ಹಾಕ್ಕೊಂಡು ನೀನೇ ಬೋಣಿ ಮಾಡು."

ಆ ವಾರ ಅವಳು ತಂಡದ ಮುಂದೆ ನಡೆದು ಘಟ್ಟ ದಾಟಿ ಬಂದಳು. ಹೆಬ್ಬೆರಳಿನ ಉಗುರು ಇನ್ನೂ ಪೂರ್ತಿ ಮೂಡಿಲ್ಲ. ಅದು ಮೂಡುವ ತನಕ ಗ್ಯಾಲ್ಜೆನ್‌ಗೆ ನನ್ನ ಅಂಗಡಿಯಲ್ಲಿ ಚಹಾ ಇಲ್ಲ.