ಹಾಲಗಂಬದ ಕುಣಿ

ಮೊನ್ನೆ ತವರಿಗೆ ಹೋದಾಗ ಓಣಿಯಲ್ಲಿ ನೀರಿನ ಪೈಪಿಗೆಂದು ನೆಲ ಅಗೆಯುತ್ತಿದ್ದರು. ಕುಣಿಯಿಂದ ಡಾಂಬರು ಮೆತ್ತಿದ ಹಳೆಯ ಗೋಣಿಯ ವಾಸನೆ ಬಂತು. ಆ ವಾಸನೆ ನನಗೆ ಇವತ್ತಿಗೂ ಆಗಿಬರುವುದಿಲ್ಲ. ಮೂಗಿಗೆ ಸೆರಗು ಹಿಡಿದೆ. ಆದರೂ ಮಗ್ಗಲ ಮನೆಯ ಕಾಕು ನೆನಪಾಗಿಯೇ ಬಿಟ್ಟಳು…

ನನ್ನ ತವರೂರು ಬನಹಟ್ಟಿ ಆಗಿನ್ನೂ ಮುಂಬೈ ರಾಜ್ಯದಲ್ಲಿತ್ತು. ಓಣಿಯ ಆ ತುದಿಗೆ ಒಬ್ಬ ಸಾವುಕಾರರ, ಕರೆಂಟು ಹುಟ್ಟಿಸುವ ಎಂಜಿನ್ ಮನೆ, ಈ ತುದಿಗೆ ಅವರದೇ ಮಗ್ಗದ ಕಾರ್ಖಾನೆ. ನಡುವೆ ನೆಲದಲ್ಲಿ ಕರೆಂಟಿನ ಕೇಬಲ್ ಹೂಳಿದ್ದರು. ಗಟಾರ ತೋಡುವಾಗ ಹಾರೆ ಅದಕ್ಕೆ ತಾಗಿ ಕಾಕುವಿನ ಗಂಡ ಸತ್ತಿದ್ದ. ಅದು ನಾವು ಆ ಓಣಿಗೆ ಬರುವ ಮೊದಲಿನ ಮಾತು. ಮಣ್ಣು ಮುಚ್ಚಿದ ಮೇಲೆ ಓಣಿಯವರೂ ಮರೆತಿದ್ದರು.

ನನ್ನ ಮದುವೆಗೆ ಹಂದರ ಹಾಕುವ ದಿನ. ಅದರ ಮೊದಲ ಕಂಬ, ಹಾಲಗಂಬ, ನೆಡುವ ಹಕ್ಕು ಸೋದರಮಾವನದು. ಮುಹೂರ್ತ ಮೀರುತ್ತಿತ್ತು. ಮಾವ ನಮ್ಮ ಬಾಗಿಲ ಮುಂದೆ ಹಾರೆ ಎತ್ತಿದ. ಕಾಕು ಎಲ್ಲಿದ್ದಳೋ, ಓಡಿ ಬಂದು ಆ ಜಾಗದ ಮೇಲೆಯೇ ಕುಳಿತುಬಿಟ್ಟಳು.

ಗಂಡ ಸತ್ತವಳು ಹಾಲಗಂಬದ ಹತ್ತಿರ ಸುಳಿಯುವಂತಿರಲಿಲ್ಲ. ನನ್ನ ಸೋದರತ್ತೆಗೆ ಸಿಟ್ಟು ನೆತ್ತಿಗೇರಿತು.

“ಬುದ್ಧಿ ಐತೇನ ಬೇ ನಿನಗ? ಶುಭಕಾರ್ಯಕ್ಕ ಅಡ್ಡ ಬಂದಿಯಲ್ಲ, ಏಳ ಮ್ಯಾಲ.”

“ಎಷ್ಟರೆ ಬೈರಿ ಅಕ್ಕಾರ, ನಾ ಏಳಂಗಿಲ್ಲ,” ಎಂದಳು ಕಾಕು. “ಇಲ್ಲೇ ಐತಿ ಆ ಕರೆಂಟಿನ ಲೈನ್. ನಮ್ಮವರ ಹೆಣ ಎತ್ತಿದ ಮ್ಯಾಲ ಓಣಿ ತುಂಬ ನೆಲಾ ತಗದ ನೋಡಿದ್ರು. ಎಲ್ಲೆಲ್ಲಿ ಹೋಗೇತಿ, ನಾ ಕಟ್ಟಿ ಮ್ಯಾಲ ಕುಂತ ನೋಡೀನಿ. ಮೊದಲ ಎಂಜಿನ್ ಬಂದ್ ಮಾಡಸ್ರಿ.”

ಮಾವ ಹಾರೆ ಇಳಿಸಿದ. ಅಪ್ಪ ಎಂಜಿನ್ ಮನೆಗೆ ಓಡಿದ. ನಾವೆಲ್ಲ ಆ ದಡ್ ದಡ್ ಸದ್ದನ್ನೇ ಕೇಳುತ್ತ ನಿಂತೆವು. ಅದು ನಿಲ್ಲಲೊಲ್ಲದು… ಕೊನೆಗೆ ಸದ್ದು ನಿಂತಿತು. ಕಾಕು ಮಾತ್ರ ಏಳಲಿಲ್ಲ. ಯಾರಾದರೂ ಮತ್ತೆ ಚಾಲೂ ಮಾಡಿದರೆ ಏನು ಗತಿ ಎಂದಳು. ಅಲ್ಲೊಬ್ಬರನ್ನು ಕಾವಲು ಕೂರಿಸಿ ಅಪ್ಪ ಬಂದು ಹೇಳಿದ ಮೇಲೆಯೇ ಎದ್ದಳು.

“ಇನ್ನ ತೋಡ್ರಿ. ಕೈಲೆ ತೋಡ್ರಿ, ಹಾರಿ ಬ್ಯಾಡ.”

ಮಾವ ತೆಂಗಿನ ಚಿಪ್ಪಿನಿಂದ ಮೆಲ್ಲಗೆ ಮಣ್ಣು ಕೆರೆದು ತೆಗೆದ. ಮೊದಲು ಸಾಲಾಗಿ ಇಟ್ಟಂಗಿ ಸಿಕ್ಕವು. ಒಂದನ್ನು ಎತ್ತಿದರೆ ಕೆಳಗೆ ಕಪ್ಪು ಕೇಬಲ್, ಡಾಂಬರು ಗೋಣಿ ಸುತ್ತಿದ್ದು. ವಾಸನೆ ಒಮ್ಮೆಲೇ ಎದ್ದಿತು. ಮಾವ ಬದಿಗಿದ್ದ ಹಾರೆಯನ್ನು ನೋಡಿದ, ಆಮೇಲೆ ಅದನ್ನು ಕಾಲಿನಿಂದ ದೂರ ತಳ್ಳಿದ.

ಇಟ್ಟಂಗಿ ಇದ್ದಂತೆಯೇ ಇಟ್ಟು ಕುಣಿ ಮುಚ್ಚಿದರು. ಹಾಲಗಂಬವನ್ನು ದೂರ ಸರಿಸಿ, ಮುಹೂರ್ತ ಮೀರಿದ ಮೇಲೆ ನೆಟ್ಟರು. ಕಾಕು ಸೀರೆಯ ಮಣ್ಣು ಝಾಡಿಸಿಕೊಂಡು ಮನೆಗೆ ಹೋದಳು. ಅವಳಿಗೆ ಯಾರೂ ನಿಲ್ಲು ಅನ್ನಲಿಲ್ಲ.

ಮದುವೆಯ ದಿನವೂ ಹಂದರದೊಳಗೆ ಬಾ ಅನ್ನಲಿಲ್ಲ. ತಾಳಿ ಕಟ್ಟುವ ಹೊತ್ತಿಗೆ ನಾನು ಓರೆಗಣ್ಣಿನಲ್ಲಿ ನೋಡಿದೆ. ಕಾಕು ತನ್ನ ಕಟ್ಟೆಯ ಮೇಲೆ ನಿಂತು ಅಕ್ಷತೆ ಎಸೆದಳು. ಅದು ನನ್ನವರೆಗೆ ಬರದೆ ಆ ಮುಚ್ಚಿದ ಕುಣಿಯ ಮಣ್ಣಿನ ಮೇಲೆ ಬಿತ್ತು.

ಮಾವ ನನ್ನ ಮಕ್ಕಳನ್ನೆಲ್ಲ ಎತ್ತಿ ಆಡಿಸಿ, ವಯಸ್ಸಾಗಿ ಹೋದ. ಕಾಕು ಅವನಿಗಿಂತ ಮೊದಲೇ ಹೋದಳು.

ಮೊನ್ನೆ ಕುಣಿಯ ಹತ್ತಿರ ನಿಂತು, “ತಮ್ಮಾ, ನೋಡಿ ತೋಡೋ, ಅಲ್ಲಿ ಲೈನ್ ಐತಿ,” ಎಂದೆ. “ಅದು ಸತ್ತ ಲೈನ್ ಬಿಡಬೇ ಯವ್ವಾ,” ಎಂದ ಅಗೆಯುವವ. ತಿರುಗಿ ನೋಡಿದರೆ ಕಾಕುವಿನ ಕಟ್ಟೆಯೂ ಇಲ್ಲ, ಮನೆಯೂ ಇಲ್ಲ. ಅವಳು ಅಂದು ಅಕ್ಷತೆ ಎಸೆಯುತ್ತ ನಿಂತಿದ್ದ ಜಾಗದಿಂದ ನಮ್ಮ ಬಾಗಿಲಿಗೆ ನಡೆದು ನೋಡಿದೆ. ನಾಲ್ಕು ಹೆಜ್ಜೆಯೂ ಇರಲಿಲ್ಲ.