ಭುಜ ನೋಡಿ ಬಿಲ್ಲು ಕೊಡುವ ದೇವರಾಜ್

ಬಿಗಿ ಇರುವುದು ಬಿಲ್ಲಿನಲ್ಲೋ, ತನ್ನ ಭುಜದಲ್ಲೋ?

ದೇವರಾಜ್ ಹೆದೆಯನ್ನು ಅರ್ಧಕ್ಕೆ ಎಳೆದು ನಿಂತಿದ್ದಾರೆ. ಬಲಭುಜದ ಒಳಗೆ, ಕೀಲು ಕೂಡುವಲ್ಲಿ, ಸೂಜಿಮೊನೆಯಷ್ಟು ಜಾಗ ಉರಿಯುತ್ತಿದೆ. ನಿನ್ನೆ ಸಂಜೆ ಇದೇ ಬಿಲ್ಲು ಇದೇ ಜಾಗದಲ್ಲಿ ಹೀಗೆ ಚುಚ್ಚಿರಲಿಲ್ಲ. ರಾತ್ರಿಯೆಲ್ಲ ಗೋಡೆಗೆ ತೂಗುಹಾಕಿದ್ದ ಬಿಲ್ಲು ತಾನಾಗಿ ಬಿಗಿಯಾಗುವುದಿಲ್ಲ. ಹಾಗಾದರೆ ಭುಜವೇ ಹಾಳಾಗಿರಬೇಕು. ಅಥವಾ ನಿನ್ನೆ ತಾನು ಸರಿಯಾಗಿ ಗಮನಿಸಲಿಲ್ಲವೇನೋ. ಇನ್ನೊಂದು ಗಂಟೆಗೆ ಭುಜದ ಆಪರೇಷನ್ ಆದ ಹೆಂಗಸೊಬ್ಬರು ಬರುತ್ತಾರೆ, ಯಾವ ಬಿಲ್ಲು ಎಂದು ಕೇಳುತ್ತಾರೆ, ತಾನು ಹೇಳಿದ್ದನ್ನು ನಂಬುತ್ತಾರೆ.

ಅವರು ಉಸಿರು ಬಿಗಿಹಿಡಿದು ಹೆದೆಯನ್ನು ನಿಧಾನವಾಗಿ ವಾಪಸ್ ತರುತ್ತಾರೆ. ಬಾಣ ತೆಗೆದು ಮೇಜಿನ ಮೇಲಿಡುತ್ತಾರೆ. ಸುತ್ತ ಯಾರೂ ಇಲ್ಲದಿದ್ದರೂ ಬಲಗೈಯನ್ನು ಪ್ಯಾಂಟಿನ ಜೇಬಿಗೆ ತುರುಕಿಕೊಳ್ಳುತ್ತಾರೆ.

ಬುಧವಾರ ಬೆಳಿಗ್ಗೆ ಆರೂ ಹತ್ತು. ತಲಘಟ್ಟಪುರದ ಮೆಟ್ರೋ ನಿಲ್ದಾಣದಿಂದ ಒಳಕ್ಕೆ ಒಂದೂವರೆ ಕಿಲೋಮೀಟರ್ ಬಂದರೆ, ಎರಡು ಅಪಾರ್ಟ್‌ಮೆಂಟುಗಳ ನಡುವೆ ಇನ್ನೂ ಯಾರೂ ಕಟ್ಟದೆ ಬಿಟ್ಟಿರುವ ಉದ್ದನೆಯ ಜಾಗ ಸಿಗುತ್ತದೆ. ಇಲ್ಲಿ ವಿಜಯಲಕ್ಷ್ಮಿ ಎಂಬ ಕೋಚ್ ಬಿಲ್ಲುಗಾರಿಕೆ ಕಲಿಸುತ್ತಾರೆ. ಮೈದಾನದ ಆ ತುದಿಯಲ್ಲಿ ದಪ್ಪ ಫೋಮಿನ ಗುರಿಗಳು, ಈ ತುದಿಯಲ್ಲಿ ತಗಡಿನ ಕೋಣೆ. ಕೋಣೆಯ ಗೋಡೆಯ ಮೇಲೆ ಮೂವತ್ತೊಂದು ಬಿಲ್ಲುಗಳಿವೆ. ಅವುಗಳನ್ನು ನೋಡಿಕೊಳ್ಳುವವರು ಅರೆಕೆರೆಯ ದೇವರಾಜ್. ವಯಸ್ಸು ಐವತ್ತಾರು. ಪದಕ ಗೆದ್ದವರ ಫೋಟೋಗಳು ಕೋಣೆಯ ಬಾಗಿಲ ಮೇಲೆ ಸಾಲಾಗಿವೆ. ಯಾವುದರಲ್ಲೂ ಇವರಿಲ್ಲ.

ದಿನಕ್ಕೆ ಸುಮಾರು ನಲವತ್ತು ಸಲ ಅವರು ಹೆದೆ ಎಳೆಯುತ್ತಾರೆ. ಹೆದೆಯ ದಾರ ಬಿಚ್ಚಿದೆಯೇ, ಬಿಲ್ಲಿನ ತುದಿಯ ಚಕ್ರ ಓರೆಯಾಗಿದೆಯೇ, ಭಾರ ಹೊಂದಿಸುವ ತಿರುಪು ಸಡಿಲವಾಗಿದೆಯೇ ಎಂದು ಒಂದೊಂದನ್ನೂ ನೋಡುತ್ತಾರೆ. ಆದರೆ ಜಯನಗರ, ಬನಶಂಕರಿ, ಬಿಟಿಎಂ ಕಡೆಯಿಂದ ಜನ ಅವರನ್ನು ಹುಡುಕಿಕೊಂಡು ಬರುವುದು ಬೇರೊಂದು ಕೆಲಸಕ್ಕೆ. ಭುಜ ಕೆಟ್ಟವರಿಗೆ ಬಿಲ್ಲು ಆರಿಸಿಕೊಡುವುದರಲ್ಲಿ ಅವರದು ಎತ್ತಿದ ಕೈ. ಕೆಟ್ಟಿರುವ ತಮ್ಮದೇ ಭುಜ ಅವರ ಉಪಕರಣ.

"ತೂಕದ ಕೊಕ್ಕೆ ಇದೆ ಸಾರ್, ಹೆದೆಗೆ ಸಿಕ್ಸಿ ಎಳದ್ರೆ ಎಷ್ಟ್ ಪೌಂಡು ಅಂತ ತೋರ್ಸತ್ತೆ. ಆದ್ರೆ ಭಾರ ಹೆಂಗ್ ಬರತ್ತೆ ಅಂತ ಅದಕ್ಕೆ ಗೊತ್ತಾಗಲ್ಲ. ಒಂದು ಬಿಲ್ಲು ಮೆಟ್ಲು ಹತ್ದಂಗೆ ಬರತ್ತೆ. ಇನ್ನೊಂದು ಗೋಡೆಗೆ ಗುದ್ದಂಗೆ ಬರತ್ತೆ. ಎರಡೂ ಮೂವತ್ತೇ ಪೌಂಡು. ನನ್ ಭುಜಕ್ಕೆ ವ್ಯತ್ಯಾಸ ಗೊತ್ತಾಗತ್ತೆ" ಎಂದು ನನಗೆ ವಿವರಿಸುತ್ತಾರೆ ದೇವರಾಜ್.

ಇವತ್ತು ಮೇಜಿನ ಮೇಲಿರುವುದು ಮೂರು. ಬನಶಂಕರಿಯ ಶಾಲೆಯೊಂದರಲ್ಲಿ ಗಣಿತ ಹೇಳುವ ಮಧುಮತಿಯವರಿಗಾಗಿ ಅವನ್ನು ತೆಗೆದಿಟ್ಟಿದ್ದಾರೆ. ಕಳೆದ ವರ್ಷ ಅವರ ಬಲಭುಜಕ್ಕೆ ಆಪರೇಷನ್ ಆಗಿದೆ. ಈಗ ಮತ್ತೆ ಬಿಲ್ಲು, ಹಗುರದ್ದಾದರೆ, ಹಿಡಿಯಬಹುದು ಎಂದಿದ್ದಾರೆ ಡಾಕ್ಟರು. ಮತ್ತೊಮ್ಮೆ ಹರಿದರೆ ಮಾತ್ರ ತನ್ನ ಕೈಲಿ ಏನೂ ಇಲ್ಲ ಎಂದೂ ಹೇಳಿ ಕಳಿಸಿದ್ದಾರೆ.

ಮೂರರಲ್ಲಿ ಎರಡು ಬೇಟೆ ಬಿಲ್ಲುಗಳು. ಇಲ್ಲಿ ಯಾರೂ ಬೇಟೆಗೆ ಹೋಗುವುದಿಲ್ಲ, ಹೋಗುವಂತೆಯೂ ಇಲ್ಲ. ಹೊರದೇಶದಲ್ಲಿ ಕಾಡಿಗೆಂದು ಮಾಡಿದವು ಯಾರದೋ ಸೂಟ್‌ಕೇಸಿನಲ್ಲಿ ಬಂದು, ಕೈ ಬದಲಾಗಿ, ಈ ಗೋಡೆಗೆ ಸೇರುತ್ತವೆ. ಗಿಡ್ಡಗಿರುತ್ತವೆ, ಹಿಡಿಯಲು ಹಗುರ. ಎರಡು ತುದಿಗೂ ಚಕ್ರವಿರುವುದರಿಂದ ಪೂರ್ತಿ ಎಳೆದ ಮೇಲೆ ಭಾರ ಇಳಿದುಬಿಡುತ್ತದೆ. ಮಧುಮತಿಯವರಿಗೆ ಭಾವ ಕೊಟ್ಟ, ಅವರು ನಿನ್ನೆಯೇ ಇಲ್ಲಿಗೆ ಕಳಿಸಿರುವ ಹೊಸ ಕಪ್ಪು ಬಿಲ್ಲು ಅಂಥದ್ದು. ಗೋಡೆಯಿಂದ ದೇವರಾಜ್ ಇಳಿಸಿರುವ ಹಸಿರು ಬಣ್ಣದ ಹಳೆಯದೂ ಅಂಥದ್ದೇ. ಮೂರನೆಯದು ಉದ್ದನೆಯ ಸ್ಪರ್ಧೆಯ ಬಿಲ್ಲು. ಎಳೆಯಲು ನಯ, ಆದರೆ ಎಡಗೈ ಅದರ ತೂಕ ಹೊರಲಾರದು. ಅದನ್ನು ಅವರು ಆಗಲೇ ಪಕ್ಕಕ್ಕೆ ಸರಿಸಿದ್ದಾರೆ.

ಮಧುಮತಿ ಏಳಕ್ಕೆ ಐದು ನಿಮಿಷ ಇರುವಾಗಲೇ ಬರುತ್ತಾರೆ. ಬಾಗಿಲಲ್ಲೇ ನಿಂತುಬಿಡುತ್ತಾರೆ.

"ದೇವರಾಜಣ್ಣ, ಭಯ ಆಗ್ತಿದೆ. ವಾಪಸ್ ಹೋಗ್ಲಾ ಅಂತ ಸಿಗ್ನಲ್‌ನಲ್ಲೇ ಎರಡ್ ಸಲ ಅನ್ಸ್ತು."

"ನಂಗೂ ಆಗ್ತಿದೆ ಮೇಡಂ. ಕೂತ್ಕೊಳಿ."

ಕೂರುವುದೇ ಪರೀಕ್ಷೆ. ಎತ್ತರದ ಸ್ಟೂಲಿನ ಮೇಲೆ ಕೂತು, ಎರಡೂ ಕಾಲು ನೆಲದಿಂದ ಎತ್ತಿ, ಬಾಣ ಹೂಡಿ ಗುರಿಯ ಕಡೆಗೇ ಹಿಡಿದು ಎಳೆಯಬೇಕು. ಕಾಲಿಗೆ ಆಸರೆ ಇಲ್ಲದಾಗ ಮೈಯ ಬಲ ಕದಿಯಲು ಆಗುವುದಿಲ್ಲ. ಬಿಲ್ಲು ಹೆಚ್ಚು ಭಾರವಾದರೆ ಮನುಷ್ಯ ತನಗೆ ಗೊತ್ತಿಲ್ಲದೆ ಅದನ್ನು ಆಕಾಶಕ್ಕೆ ಎತ್ತಿ ಎಳೆಯುತ್ತಾನೆ. ಎಳೆದ ಮೇಲೆ ಬಾಣ ಬಿಡುವಂತಿಲ್ಲ. ಮೆಲ್ಲಗೆ ವಾಪಸ್ ತರಬೇಕು. ಚಕ್ರ ಇಳಿಸಿದ್ದ ಭಾರವೆಲ್ಲ ಆಗ ಒಂದೇ ಸಲಕ್ಕೆ ಕೈಗೆ ಬೀಳುತ್ತದೆ. ಭುಜ ಹರಿಯುವುದು ಹೆಚ್ಚಾಗಿ ಆ ಗಳಿಗೆಯಲ್ಲೇ ಎನ್ನುತ್ತಾರೆ ದೇವರಾಜ್.

ಮೊದಲು ಹಸಿರು ಬಿಲ್ಲು. ಮಧುಮತಿ ಎಳೆದು, ವಾಪಸ್ ತಂದು, "ಪರವಾಗಿಲ್ಲ" ಎನ್ನುತ್ತಾರೆ. ಆಮೇಲೆ ಭಾವ ಕೊಟ್ಟ ಕಪ್ಪು ಬಿಲ್ಲು. ಒಂದೇ ಉಸಿರಿಗೆ ಕೆನ್ನೆಯವರೆಗೆ ಬರುತ್ತದೆ. ಅವರ ಮುಖ ಅರಳುತ್ತದೆ.

"ಅಣ್ಣಾ, ಇದು ಸಖತ್ತಾಗಿದೆ! ನೋವೇ ಇಲ್ಲ. ಇದೇ ಇರ್ಲಿ."

ದೇವರಾಜ್ ಆ ಬಿಲ್ಲನ್ನೇ ದಿಟ್ಟಿಸುತ್ತಾರೆ. ಬೆಳಿಗ್ಗೆ ತನ್ನ ಭುಜಕ್ಕೆ ಚುಚ್ಚಿದ್ದು ಇದೇ ಬಿಲ್ಲು. ಚುಚ್ಚಿದ್ದು ನಿಜವೇ, ಅಥವಾ ತನ್ನ ಭುಜವೇ ಮುಗಿಯಿತೇ? ಆಪರೇಷನ್ ಆದ ಹೆಣ್ಣುಮಗಳಿಗೆ ಬೆಣ್ಣೆಯಂತೆ ಬಂದದ್ದು ತನಗೇಕೆ ಉರಿಯಿತು? ಹೂಂ ಎಂದರೆ ಆಕೆ ಖುಷಿಯಾಗಿ ಎದ್ದು ಹೋಗುತ್ತಾರೆ. ಹೂಂ ಅನ್ನುವುದು ಬಹಳ ಸುಲಭ.

ಅವರು ಕೈ ಚಾಚಿ ಬಿಲ್ಲು ಇಸಿದುಕೊಳ್ಳುತ್ತಾರೆ. "ಮೇಡಂ, ಬೆಳಿಗ್ಗೆ ಮಾತ್ರೆ ಏನಾದ್ರೂ ತಗೊಂಡ್ರಾ?"

ಮಧುಮತಿ ಕಣ್ಣು ತಪ್ಪಿಸುತ್ತಾರೆ. "ಒಂದೇ ಒಂದು... ನೋವಿಂದು. ಎಳೆಯೋವಾಗ ನೋವಾದ್ರೆ ಅಂತ ಭಯಕ್ಕೆ."

"ಇವತ್ತು ಬೇಡ. ಶನಿವಾರ ಬನ್ನಿ. ಹಿಂದಿನ್ ದಿನದಿಂದ್ಲೇ ಏನೂ ನುಂಗ್ಬೇಡಿ."

ಮಕ್ಕಳ ಬ್ಯಾಚ್ ನೋಡಲು ಬಂದ ವಿಜಯಲಕ್ಷ್ಮಿಯವರ ಕಿವಿಗೆ ಇದು ಬೀಳುತ್ತದೆ. "ರೀ ದೇವರಾಜ್, ಅವರಾಗಿ ಚೆನ್ನಾಗಿದೆ ಅಂತಿದ್ದಾರೆ. ನಿಮ್ದೇನ್ರೀ ಹಟ? ರಜಾ ಹಾಕಿ ಬಂದಿದ್ದಾರೆ ಪಾಪ."

"ಭುಜಕ್ಕೆ ಮಂಕು ಕವಿದಿದೆ ಮೇಡಂ. ಅದನ್ನ ಕೇಳಿ ಬಿಲ್ಲು ಕೊಡಕ್ಕಾಗಲ್ಲ" ಎಂದಷ್ಟೇ ಹೇಳಿ ಅವರು ಬಿಲ್ಲನ್ನು ಗೋಡೆಗೆ ಏರಿಸುತ್ತಾರೆ. ಎಡಗೈಯಲ್ಲಿ. ಬಲಗೈ ಕಿವಿಗಿಂತ ಮೇಲೆ ಹೋಗುವುದಿಲ್ಲ.

ಆ ಕೈ ಹಾಗಾದದ್ದು ಬಿಲ್ಲಿನಿಂದಲ್ಲ, ಅಂಗಡಿ ಷಟರುಗಳಿಂದ. ಇಪ್ಪತ್ತಮೂರು ವರ್ಷ ಅವರು ರೋಲಿಂಗ್ ಷಟರ್ ರಿಪೇರಿ ಮಾಡಿದವರು. ಜಯನಗರ ನಾಲ್ಕನೇ ಬ್ಲಾಕಿನಿಂದ ಮಡಿವಾಳದ ಮಾರ್ಕೆಟ್ಟಿನವರೆಗೆ ಅವರು ಏಣಿ ಹಾಕದ ಬೀದಿ ಕಡಿಮೆ. ಷಟರಿನ ಡ್ರಮ್ಮಿನೊಳಗೆ ಸುತ್ತಿದ ಸ್ಪ್ರಿಂಗ್ ಇರುತ್ತದೆ. ಒಂದು ಮಧ್ಯಾಹ್ನ ಅದು ಕೈತಪ್ಪಿ ಬಿಚ್ಚಿಕೊಂಡು, ಹಿಡಿದಿದ್ದ ಸರಳಿನ ಸಮೇತ ಬಲಗೈಯನ್ನು ತಿರುಚಿ ಎಸೆಯಿತು. ಭುಜದ ಎರಡು ಸ್ನಾಯು ಹರಿದಿವೆ ಎಂದರು ಡಾಕ್ಟರು. ಆಪರೇಷನ್ ಮಾಡಿಸಿದರೆ ಆಮೇಲೆ ಆರು ತಿಂಗಳು ಕೆಲಸವಿಲ್ಲ. ದೇವರಾಜ್ ಆ ಆರು ತಿಂಗಳನ್ನು ಎದುರಿಸಲಾರದೆ ಹಾಗೇ ಬಿಟ್ಟರು.

ಹನ್ನೊಂದು ವರ್ಷದ ಹಿಂದೆ ಈ ತಗಡಿನ ಕೋಣೆಯ ಷಟರ್ ಸಿಕ್ಕಿಹಾಕಿಕೊಂಡಾಗ ರಿಪೇರಿಗೆ ಬಂದರು. ಚಕ್ರ ಜಾಮಾಗಿದ್ದ ಬಿಲ್ಲೊಂದು ಮೂಲೆಯಲ್ಲಿತ್ತು. ಅದನ್ನೂ ಸರಿಮಾಡಿ ಕೊಟ್ಟರು. ವಿಜಯಲಕ್ಷ್ಮಿ ಅವರನ್ನು ವಾಪಸ್ ಕಳಿಸಲಿಲ್ಲ.

"ಷಟರ್ ಆದ್ರೇನು, ಬಿಲ್ಲಾದ್ರೇನು. ಒಳಗೆ ಒತ್ತಡ ಕೂತಿರತ್ತೆ. ಅದು ಯಾವಾಗ ಎಗರತ್ತೆ ಅಂತ ಹೆದರ್ಕೊಂಡೇ ಕೈ ಹಾಕ್ಬೇಕು. ಹೆದ್ರಿಕೆ ಹೋದ್ ದಿನ ಕೈನೂ ಹೋಗತ್ತೆ."

ಅರೆಕೆರೆಯಿಂದ ಬರುವ ಬಸ್ಸಿನಲ್ಲಿ ಮೇಲಿನ ಕಂಬಿಗೆ ಎಡಗೈ ಹಾಕಿಯೇ ಜೋತುಬೀಳುತ್ತಾರೆ. ಮನೆಯಲ್ಲಿ ಹೆಂಡತಿ ಲತಾಮಣಿ ದಿನವೂ ಟಿಫಿನ್ ಡಬ್ಬಿಯ ಮುಚ್ಚಳದ ಮೇಲೆ ಕಾಗದದಲ್ಲಿ ಸುತ್ತಿದ ನೋವಿನ ಮಾತ್ರೆ ಇಡುತ್ತಾರೆ. ಬಿಲ್ಲು ಆರಿಸುವ ದಿನ ಅದು ಹಾಗೇ ವಾಪಸ್ ಬರುತ್ತದೆ. ಉಳಿದ ದಿನ ಅವರು ಅದನ್ನು ನುಂಗುತ್ತಾರೆ; ಆ ಮಂಗಳವಾರವೂ ನುಂಗಿದ್ದರು.

"ತಲೆ ಬಾಚ್ಕೊಳಕ್ಕೆ ಕೈ ಎತ್ತಲ್ಲ, ಊರೋರ್ ಭುಜಕ್ಕೆಲ್ಲ ವೈದ್ಯ ಮಾಡ್ತಾರಂತೆ" ಎಂದು ಲತಾಮಣಿ ನಗುತ್ತಾರೆ. ನಗು ಮುಗಿದ ಮೇಲೆ ತಗ್ಗಿದ ದನಿಯಲ್ಲಿ, "ಈ ನಡುವೆ ಜಾಸ್ತಿ ಆಗಿದೆ. ಲೋಟ ಎತ್ತೋವಾಗ ಮುಖ ನೋಡ್ಬೇಕು ನೀವು. ಕೇಳಿದ್ರೆ ಹೇಳಲ್ಲ" ಎನ್ನುತ್ತಾರೆ.

ದೇವರಾಜ್ ಅವರ ಭಯ ನೋವಿನದಲ್ಲ. ನೋವು ಎಲ್ಲ ಕಡೆ ಒಂದೇ ಸಮ ಹರಡಿಬಿಡುವುದರದ್ದು. "ಎಲ್ಲಾ ಬಿಲ್ಲೂ ಒಂದೇ ಥರ ನೋಯಕ್ ಶುರುವಾದ್ರೆ, ಯಾವ್ದು ಒಳ್ಳೇದು ಅಂತ ಹೆಂಗ್ ಹೇಳ್ಲಿ? ಹೇಳ್ದೆ ಹೋದ್ರೆ ಕೆಲ್ಸ ಹೋಗತ್ತೆ, ಹೋಗ್ಲಿ. ತಪ್ ಹೇಳಿದ್ರೆ ಇನ್ನೊಬ್ರ ಕೈ ಹೋಗತ್ತೆ."

ಒಬ್ಬರ ಕೈ ಆಗಲೇ ಹೋಗಿದೆ. ಹೆಸರು ಶಿವಕಿರಣ್. ಗದಗದ ಕಡೆಯವನು. ಬಿಟಿಎಂನಲ್ಲಿ ರೂಮು ಮಾಡಿಕೊಂಡು ಆಫೀಸಿಗೆ ಹೋಗುತ್ತಾನೆ. ಎರಡು ವರ್ಷದ ಹಿಂದೆ ರಾಜ್ಯ ತಂಡದ ಆಯ್ಕೆಗೆ ತಯಾರಾಗುತ್ತಿದ್ದವನಿಗೆ ಭುಜದಲ್ಲಿ ಸಣ್ಣ ಸೆಳೆತ ಶುರುವಾಯಿತು. ನಯವಾಗಿ ಬರುವ ಬಿಲ್ಲು ಬೇಕೆಂದು ದೇವರಾಜ್ ಬಳಿ ಬಂದ. ಅವರು ಒಂದನ್ನು ಎಳೆದು ನೋಡಿ "ಇದು ಬೆಣ್ಣೆ" ಎಂದರು. ನಾಲ್ಕನೇ ವಾರ, ಬಾಣ ಬಿಡದೆ ಹೆದೆ ವಾಪಸ್ ತರುವಾಗ ಅವನ ಭುಜ ಹರಿಯಿತು. ಆಪರೇಷನ್ ಆಯಿತು. ಆಯ್ಕೆ ಆಗಲಿಲ್ಲ. ಅವನು ಮತ್ತೆ ಬಿಲ್ಲು ಮುಟ್ಟಿಲ್ಲ.

ಆದರೂ ಪ್ರತಿ ಶನಿವಾರ ಬೆಳಿಗ್ಗೆ ಮೈದಾನಕ್ಕೆ ಬಂದು ಮಕ್ಕಳ ಅಂಕ ಬರೆಯುತ್ತಾನೆ. ದೇವರಾಜ್ ಅವರಿಗೆ ವಾರದ ಅತ್ಯಂತ ಉದ್ದದ ಎರಡು ಗಂಟೆ ಅದು.

ಈ ಶನಿವಾರವೂ ಅವನು ಬಂದಿದ್ದಾನೆ. ಎಡಗೈಯಲ್ಲಿ ಚಹಾದ ಲೋಟ. "ಅಣ್ಣಾರ, ನಿಮ್ಮ ಕೈಯೂ ಮ್ಯಾಲ ಏಳೂದಿಲ್ಲ, ನನ್ನ ಕೈಯೂ ಏಳೂದಿಲ್ಲ. ಪೊಲೀಸ್ರು ಹ್ಯಾಂಡ್ಸ್ ಅಪ್ ಅಂದ್ರ ಇಬ್ರಿಗೂ ಗುಂಡು ಗ್ಯಾರಂಟಿ ನೋಡ್ರಿ!"

ದೇವರಾಜ್ ನಗುವುದಿಲ್ಲ. ಬಾಗಿಲಲ್ಲಿ ಮಧುಮತಿ ನಿಂತಿದ್ದಾರೆ. ಹಿಂದಿನ ದಿನದಿಂದ ಮಾತ್ರೆ ಮುಟ್ಟಿಲ್ಲ. ಮುಖ ಬಾಡಿದೆ. ಸ್ಟೂಲಿನ ಮೇಲೆ ಕೂತು ಕಾಲೆತ್ತುತ್ತಾರೆ. ದೇವರಾಜ್ ಕಪ್ಪು ಬಿಲ್ಲಿನ ತಿರುಪನ್ನು ಎರಡು ಸುತ್ತು ಸಡಿಲಿಸಿ ಕೊಡುತ್ತಾರೆ. ಅವತ್ತಿಗಿಂತ ಹಗುರವಾಗಿಯೇ ಇದೆ. ಕಾಲು ಭಾಗ ಎಳೆಯುವಷ್ಟರಲ್ಲೇ ಬಿಲ್ಲಿನ ತುದಿ ಮೇಲಕ್ಕೇಳುತ್ತದೆ. ಮಧುಮತಿ "ಅಮ್ಮಾ" ಎಂದು ಹಲ್ಲು ಕಚ್ಚುತ್ತಾರೆ. ದೇವರಾಜ್ ಎರಡು ಹೆಜ್ಜೆ ಮುಂದೆ ಹಾರಿ ಅವರ ಮೊಣಕೈಗೆ ತಮ್ಮ ಎಡಗೈ ಆನಿಸಿ, ಹೆದೆಯನ್ನು ಇಂಚಿಂಚಾಗಿ ವಾಪಸ್ ತರಿಸುತ್ತಾರೆ. ಇಬ್ಬರೂ ಬೆವೆತಿದ್ದಾರೆ.

"ಇದೇನಾ ಅವತ್ತು ನಾನು ಸಖತ್ತಾಗಿದೆ ಅಂದಿದ್ದು?" ಮಧುಮತಿ ಬಿಲ್ಲನ್ನು ವಾಪಸ್ ಚಾಚುತ್ತಾರೆ.

"ಇದೇ ಮೇಡಂ. ಶುರುನಲ್ಲೇ ಗೋಡೆ ಇದೆ ಇದಕ್ಕೆ. ಅವತ್ತು ಕಾಣ್ಲಿಲ್ಲ ನಿಮ್ಗೆ."

ಹಸಿರು ಬಿಲ್ಲನ್ನು ಇಪ್ಪತ್ತಾರು ಪೌಂಡಿಗೆ ಇಳಿಸಿ ಕೊಡುತ್ತಾರೆ. ಅದರ ಚಕ್ರ ದುಂಡಗಿದೆ. ವೇಗ ಕಡಿಮೆ, ಆದರೆ ಭಾರ ನಿಧಾನವಾಗಿ ಏರಿ ನಿಧಾನವಾಗಿ ಇಳಿಯುತ್ತದೆ. ಮಧುಮತಿ ಮೂರು ಸಲ ಎಳೆದು ಮೂರು ಸಲ ವಾಪಸ್ ತರುತ್ತಾರೆ. ಬಿಲ್ಲಿನ ತುದಿ ಗುರಿಯಿಂದ ಅಲುಗುವುದಿಲ್ಲ. ನಾಲ್ಕನೆಯ ಸಲ ದೇವರಾಜ್ ತಲೆಯಾಡಿಸುತ್ತಾರೆ. ಮಧುಮತಿ ಬಾಣ ಬಿಡುತ್ತಾರೆ. ಒಂದೂವರೆ ವರ್ಷದಲ್ಲಿ ಅವರು ಬಿಟ್ಟ ಮೊದಲ ಬಾಣ. ಗುರಿಯ ಅಂಚಿಗೆ ಹೋಗಿ ನಾಟುತ್ತದೆ. ಆಕೆ ಕಣ್ಣೊರೆಸಿಕೊಳ್ಳುತ್ತಾರೆ. ದೇವರಾಜ್ ಮಾತ್ರ ಬಾಣ ನೋಡುತ್ತಿಲ್ಲ, ಆಕೆಯ ಭುಜ ನೋಡುತ್ತಿದ್ದಾರೆ.

ಗೋಡೆಯ ಕೊನೆಯ ಮೊಳೆಯಲ್ಲಿ ಇನ್ನೊಂದು ಬಿಲ್ಲಿದೆ. ಅದನ್ನು ಯಾರಿಗೂ ಕೊಡುವುದಿಲ್ಲ. ಇಪ್ಪತ್ತೆರಡು ಪೌಂಡಿಗೆ ಇಳಿಸಿ, ಶಿವಕಿರಣ್‌ನ ತೋಳಿನ ಅಳತೆಗೆ ಹೊಂದಿಸಿ ಇಟ್ಟಿದ್ದಾರೆ. ತಿಂಗಳಿಗೊಮ್ಮೆ ತಾವೇ ಎಳೆದು ನೋಡುತ್ತಾರೆ, ಮಾತ್ರೆ ನುಂಗದೆ. ಅವನು ಒಂದು ದಿನ ಅದನ್ನು ಕೇಳಲಿ ಎಂಬುದೊಂದೇ ಅವರ ಆಸೆ.

ಮಧುಮತಿ ಹೋದ ಮೇಲೆ ಶಿವಕಿರಣ್ ಲೋಟ ಕೆಳಗಿಡುತ್ತಾನೆ. "ಅಣ್ಣಾರ, ಒಂದ್ ಮಾತು. ಮಾತ್ರಿ ತಗೊಂಡ್ರ ಭುಜಾ ಸುಳ್ಳು ಹೇಳ್ತದಂತ ನಿಮಗ ಹೆಂಗ ಗೊತ್ತಾತ್ರೀ? ಯಾವ ಡಾಕ್ಟ್ರು ಹೇಳಿದ್ರು?"

ದೇವರಾಜ್ ಹೆದೆಗೆ ಮೇಣ ತಿಕ್ಕುತ್ತಿದ್ದಾರೆ. ಕೈ ಒಂದು ಗಳಿಗೆ ನಿಲ್ಲುತ್ತದೆ.

"ಅನುಭವ ಕಣೋ" ಎನ್ನುತ್ತಾರೆ. ಮತ್ತೆ ತಿಕ್ಕತೊಡಗುತ್ತಾರೆ.

ಅವನಿಗೆ ಹೇಳದೆ ನನಗೆ ಹೇಳಿದ ಉಳಿದದ್ದನ್ನು ಪತ್ರಿಕೆಯಲ್ಲಿ ಬರೆಯಬಹುದೇ ಎಂದು ಕೇಳಿದಾಗ ಅವರು ಮೇಣದ ತುಂಡನ್ನು ಕೆಳಗಿಟ್ಟರು. ಆಮೇಲೆ, "ಬರೀರಿ. ನನ್ ಬಾಯಲ್ಲಿ ಬರಲ್ಲ" ಎಂದರು.

ಎರಡು ವರ್ಷದ ಹಿಂದೆ ಶಿವಕಿರಣ್‌ಗೆ ಬಿಲ್ಲು ಆರಿಸಿದ ಬೆಳಿಗ್ಗೆ, ನೋವು ತಡೆಯಲಾರದೆ ದೇವರಾಜ್ ಎರಡು ಮಾತ್ರೆ ನುಂಗಿ ಬಂದಿದ್ದರು. ಅದನ್ನು ಅವರು ಅವನಿಗೆ ಇದುವರೆಗೆ ಹೇಳಿಲ್ಲ.